ಆ್ಯಪ್ ಕಲಿಯುವವರಿಗೆ ಕಲಾಸಿಪಾಳ್ಯದ ಪಾಠ

ಕಲಾಸಿಪಾಳ್ಯ ನಮ್ಮ ಬೆಳೆಗಾರರಿಗೆ ಹೊಸದಲ್ಲ. ಹಬ್ಬದ ಹಿಂದಿನ ದಿನ ಖಾಸಗಿ ಬಸ್ಸಿನ ಏಜೆಂಟರ ಅಂಗಡಿಗಳನ್ನು ಸುತ್ತಿ, ಸೀಟು ಸಿಗದೆ ನಿಂತವರು ನಮ್ಮಲ್ಲಿ ಎಷ್ಟೋ ಮಂದಿ.

2005ರ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೊರಟ ಫಣೀಂದ್ರ ಸಾಮಾ ಎಂಬ ಯುವ ಇಂಜಿನಿಯರರಿಗೂ ಹೀಗೇ ಆಯಿತು. ಇಬ್ಬರು ಗೆಳೆಯರೊಡನೆ 2006ರಲ್ಲಿ ಅವರು ಕಟ್ಟಿದ್ದೇ ರೆಡ್‌ಬಸ್. ಏಜೆಂಟರನ್ನೂ ಬಸ್ ಮಾಲೀಕರನ್ನೂ ಕಂಡು, ಸೀಟು ಹಂಚುವ ಬಗೆಯನ್ನು ಕೇಳಿ ತಿಳಿದರು. ಪ್ರೋಗ್ರಾಂ ಬರೆಯುವುದನ್ನು ಕೆಲಸ ಹಿಡಿದ ಮೇಲೆ ಕಲಿತರು. ಮೊದಲು ವೆಬ್‌ಸೈಟ್, ಅನಂತರ ಮೊಬೈಲ್ ಆ್ಯಪ್.

ನಮ್ಮ ಸದಸ್ಯರ ಮಕ್ಕಳೂ ಈಗ ಆ್ಯಪ್ ಮಾಡಿ ಮಾರುತ್ತೇವೆ ಎನ್ನುತ್ತಾರೆ. ಸಂತೋಷ. ಆಂಡ್ರಾಯ್ಡ್ ಸ್ಟುಡಿಯೋ ಉಚಿತ. ಗೂಗಲ್ ಪ್ಲೇ ಖಾತೆಗೆ ಒಂದೇ ಬಾರಿ 25 ಡಾಲರ್ ಶುಲ್ಕ. ಕಷ್ಟವಿರುವುದು ಕೊಳ್ಳುವವರನ್ನು ಹುಡುಕುವುದರಲ್ಲಿ.

ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ: ತೋಟ ಅಡವಿಟ್ಟು ಕೋರ್ಸಿಗೆ ಹಣ ಕಟ್ಟುವ ಮೊದಲು, ಕೊಯ್ಲಿನ ಕಾಲಕ್ಕೆ ಮಕ್ಕಳನ್ನು ಊರಿಗೆ ಕರೆಸಿ. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ಕೊಟ್ಟ ಮುಂಗಡ, ಇಷ್ಟರ ಲೆಕ್ಕವಿಡುವ ಸಣ್ಣ ಆ್ಯಪ್ ಮಾಡಲಿ. ಹತ್ತು ಮನೆಯವರು ಒಂದು ಕೊಯ್ಲು ಬಳಸಿ ನೋಡಲಿ. ಮರುವರ್ಷ ಅವರೇ ದುಡ್ಡು ಕೊಟ್ಟು ಕೇಳಿದರೆ, ಬಂಡವಾಳದ ಮಾತು ಆಗ ಆಡೋಣ.