ಹುಣಸೆಯ ಹುಳಿಯಲ್ಲಿ ಅಡಗಿರುವ ಎಡಬಲ

ವ್ಯಾಕರಣವನ್ನೂ ಅಲಂಕಾರಶಾಸ್ತ್ರವನ್ನೂ ಓದಿ, ಅವನ್ನೇ ಓದಿಸುತ್ತ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನು ರಸಾಯನಶಾಸ್ತ್ರದ ವಿಷಯವಾಗಿ ಲೇಖನಿ ಹಿಡಿದುದನ್ನು ಕಂಡು ವಾಚಕ ಮಹಾಶಯರು ಆಶ್ಚರ್ಯಪಡಬಹುದು. ಇದಕ್ಕೆ ಕಾರಣನಾದವನು ನಮ್ಮ ಶ್ರೀಮಠದ ಶಾಲೆಯಲ್ಲಿ ಓದಿ, ಪ್ರಸಾದನಿಲಯದಲ್ಲಿ ಉಂಡು ಬೆಳೆದ, ಅರಕಲಗೂಡು ತಾಲ್ಲೂಕಿನ ಒಬ್ಬ ಹಳೆಯ ವಿದ್ಯಾರ್ಥಿ. ಈಗ ಔಷಧಗಳ ಸಂಶೋಧನೆಯಲ್ಲಿ ತೊಡಗಿರುವ ಆತನು ಊರಿಗೆ ಬಂದಿದ್ದಾಗ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು, “ಗುರುಗಳೇ, ನಾನು ಮಾಡುವ ಕೆಲಸವೇನೆಂಬುದನ್ನು ನಮ್ಮ ತಾಯಿಗೆ ತಿಳಿಯುವಂತೆ ಹೇಳಲು ಇಷ್ಟು ವರ್ಷಗಳಾದರೂ ನನ್ನಿಂದ ಆಗಿಲ್ಲ. ತಾವೇ ಮಾತು ಹುಡುಕಿಕೊಡಬೇಕು” ಎಂದನು. ಆ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಸ್ಟೀರಿಯೋಸೆಲೆಕ್ಟಿವ್ ಸಿಂಥೆಸಿಸ್’ ಎಂದು ಹೆಸರು. ನಾನು ಅರ್ಧ ಗಳಿಗೆ ಯೋಚಿಸಿ ‘ವಿನ್ಯಾಸನಿಯತ ಸಂಶ್ಲೇಷಣೆ’ ಎಂದೆ. ಹುಡುಗ ವಿನಯವಂತ, ಆದರೂ ನಗು ತಡೆಯಲಾರದೆ, “ಇದಕ್ಕಿಂತ ಇಂಗ್ಲಿಷೇ ವಾಸಿ ಗುರುಗಳೇ” ಎಂದುಬಿಟ್ಟನು. ಅಲ್ಲಿಂದ ಎರಡು ದಿನ ಆತನು ಪಾಠ ಹೇಳಿದನು, ನಾನು ಕೇಳಿದೆನು. ಕೇಳಿದುದರಲ್ಲಿ ನನಗೆ ದಕ್ಕಿದಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಹುಣಸೆಯಿಂದಲೇ ಆರಂಭಿಸುವುದು ಉಚಿತ. ಚನ್ನರಾಯಪಟ್ಟಣ, ಹೊಳೆನರಸೀಪುರಗಳ ಕಡೆ ಹೊಲದ ಬದುವಿನಲ್ಲಿಯೂ ರಸ್ತೆಯ ಅಂಚಿನಲ್ಲಿಯೂ ಹುಣಸೆಯ ಮರವನ್ನು ಕಾಣದವರಿಲ್ಲ. ಶಿವರಾತ್ರಿಯ ಸುಮಾರಿಗೆ ಮರ ಬಡಿದು, ಸಿಪ್ಪೆ ಬಿಡಿಸಿ, ನಾರು ತೆಗೆದು, ಬೀಜ ಬೇರ್ಪಡಿಸಿ ವರ್ಷದ ಹುಳಿಯನ್ನು ಮಡಕೆಗೆ ತುಂಬುವುದು ನಮ್ಮ ಮನೆಗಳ ಪದ್ಧತಿ. ಸಂಸ್ಕೃತದಲ್ಲಿ ಇದಕ್ಕೆ ಚಿಂಚಾ, ತಿಂತ್ರಿಣೀ, ಅಮ್ಲಿಕಾ ಎಂಬ ಹೆಸರುಗಳುಂಟು. ಅರಬರು ‘ಹಿಂದುಸ್ಥಾನದ ಖರ್ಜೂರ’ವೆಂಬ ಅರ್ಥದಲ್ಲಿ ‘ತಮರ್ ಹಿಂದೀ’ ಎಂದುದೇ ಇಂಗ್ಲಿಷಿನ ‘ಟ್ಯಾಮರಿಂಡ್’ ಆಯಿತು. ಈ ಹಣ್ಣಿನ ತಿರುಳಿನ ತೂಕದಲ್ಲಿ ನೂರಕ್ಕೆ ಎಂಟರಿಂದ ಹದಿನೆಂಟರವರೆಗೆ ಇರುವುದು ಟಾರ್ಟಾರಿಕ್ ಆಮ್ಲ. ಉಳಿದ ಅನೇಕ ಹಣ್ಣುಗಳ ಹುಳಿ ಮಾಗುತ್ತ ಹೋದಂತೆ ಇಳಿಯುತ್ತದೆ. ಹುಣಸೆಯಲ್ಲಿ ಸಕ್ಕರೆ ಏರುತ್ತದೆಯೇ ಹೊರತು ಈ ಆಮ್ಲ ಹೆಚ್ಚಾಗಿ ಕುಗ್ಗುವುದಿಲ್ಲ. ಆದುದರಿಂದಲೇ ಹಣ್ಣಾದ ಹುಣಸೆಯೂ ಹಿತ್ತಾಳೆಯ ಚೊಂಬನ್ನು ಬೆಳಗಬಲ್ಲುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ೧೯೬೪ರಷ್ಟು ಹಿಂದೆಯೇ ಹುಣಸೆಯ ರಸಾಯನವನ್ನು ಕುರಿತು ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದ್ದಾರೆ.

ಟಾರ್ಟಾರಿಕ್ ಆಮ್ಲವನ್ನು ೧೭೬೯ರಲ್ಲಿ ಮೊದಲು ಬೇರ್ಪಡಿಸಿದವನು ಷೀಲೆ ಎಂಬ ಸ್ವೀಡನ್ನಿನ ಔಷಧಕಾರ. ಆದರೆ ಹುಣಸೆಯಿಂದಲ್ಲ, ದ್ರಾಕ್ಷಾರಸದ ಪೀಪಾಯಿಗಳ ಒಳಮೈಗೆ ಕಟ್ಟಿಕೊಳ್ಳುವ ಕಿಟ್ಟದಿಂದ. ಎರಡೂ ಒಂದೇ ವಸ್ತು. ಇದರ ದ್ರಾವಣದ ಮೂಲಕ ಒಂದೇ ಸಮತಲದಲ್ಲಿ ಕಂಪಿಸುವಂತೆ ಸೋಸಿದ ಬೆಳಕನ್ನು ಹಾಯಿಸಿದರೆ ಆ ಸಮತಲ ಸ್ವಲ್ಪ ಬಲಕ್ಕೆ ತಿರುಗುತ್ತದೆ. ಇದನ್ನು ಕಂಡವನು ಬಯೋ ಎಂಬ ಫ್ರೆಂಚ್ ಪಂಡಿತ. ಆದರೆ ಆಲ್ಸೇಸ್ ಪ್ರಾಂತದ ಒಂದು ಕಾರ್ಖಾನೆಯಲ್ಲಿ ದೊರೆತ ಇನ್ನೊಂದು ಆಮ್ಲವು ಎಲ್ಲ ಪರೀಕ್ಷೆಗಳಲ್ಲಿಯೂ ಟಾರ್ಟಾರಿಕ್ ಆಮ್ಲದಂತೆಯೇ ಅಣುಘಟಕಗಳನ್ನು ತೋರಿಸಿಯೂ ಬೆಳಕನ್ನು ಎತ್ತಲೂ ತಿರುಗಿಸಲಿಲ್ಲ. ಅದಕ್ಕೆ ‘ದ್ರಾಕ್ಷಿಯ ಗೊಂಚಲು’ ಎಂಬರ್ಥದ ಲ್ಯಾಟಿನ್ ಮಾತಿನಿಂದ ‘ರೆಸಿಮಿಕ್’ ಆಮ್ಲವೆಂದು ಹೆಸರಿಟ್ಟರು. ಇದೇಕೆ ಹೀಗೆಂಬ ಒಗಟನ್ನು ಬಿಡಿಸಿದವನು, ಮುಂದೆ ಹುಚ್ಚುನಾಯಿ ಕಡಿತದ ಲಸಿಕೆಯಿಂದ ಲೋಕಪ್ರಸಿದ್ಧನಾದ ಲೂಯಿ ಪಾಶ್ಚರ್. ೧೮೪೮ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಆತನು ಆ ಆಮ್ಲದ ಒಂದು ಲವಣವನ್ನು ಹರಳುಗಟ್ಟಿಸಿ ಭೂತಗನ್ನಡಿಯಿಂದ ನೋಡಿದನು. ಹರಳುಗಳಲ್ಲಿ ಎರಡು ಜಾತಿ. ಒಂದು ಇನ್ನೊಂದರ ಕನ್ನಡಿಯ ಬಿಂಬ. ಚಿಮಟದಿಂದ ಒಂದೊಂದನ್ನೇ ಎತ್ತಿ ಎರಡು ರಾಶಿ ಮಾಡಿದನು. ಒಂದು ರಾಶಿಯ ದ್ರಾವಣ ಬೆಳಕನ್ನು ಬಲಕ್ಕೆ ತಿರುಗಿಸಿತು. ಇನ್ನೊಂದು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ. ಎರಡೂ ಸಮವಾಗಿ ಕೂಡಿದ್ದುದರಿಂದ ಒಂದರ ತಿರುವನ್ನು ಇನ್ನೊಂದು ಅಳಿಸಿಹಾಕಿತ್ತು. ವಯೋವೃದ್ಧನಾಗಿದ್ದ ಬಯೋ ಇದನ್ನು ಬಾಯಿಮಾತಿನಿಂದ ಒಪ್ಪದೆ, ತನ್ನ ಕಣ್ಣೆದುರಿನಲ್ಲಿಯೇ ಪ್ರಯೋಗವನ್ನು ಮತ್ತೆ ಮಾಡಿಸಿ ಒಪ್ಪಿಕೊಂಡನಂತೆ. ಗುರುವಾದವನಿಗೆ ಇದು ತಕ್ಕ ನಡತೆ.

ಇಂಥ ಜೋಡಿಯನ್ನು ತಿಳಿಯಲು ನಮ್ಮ ಎರಡು ಕೈಗಳೇ ಸಾಕು. ಐದೈದೇ ಬೆರಳು, ಅದೇ ಅನುಕ್ರಮ; ಆದರೂ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೇಗೆ ಹಿಡಿಸದೋ ಹಾಗೆಯೇ ಒಂದರ ಮೇಲೊಂದನ್ನು ಇಟ್ಟು ಸರಿಹೊಂದಿಸಲಾಗದು. ಇಂಗಾಲದ ಪರಮಾಣುವಿಗೆ ನಾಲ್ಕು ತೋಳುಗಳಿದ್ದು ಅವು ನಾಲ್ಕು ದಿಕ್ಕಿಗೆ ಚಾಚಿರುತ್ತವೆಂದೂ, ನಾಲ್ಕರಲ್ಲಿಯೂ ಬೇರೆಬೇರೆ ಗುಂಪುಗಳಿದ್ದರೆ ಈ ಎಡಬಲದ ಭೇದ ಹುಟ್ಟುವುದೆಂದೂ ೧೮೭೪ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್ ಎಂಬುವರು ಬೇರೆಬೇರೆಯಾಗಿ ತೋರಿಸಿದರು. ಹುಣಸೆಯ ಆಮ್ಲದಲ್ಲಿ ನಾಲ್ಕು ಇಂಗಾಲಗಳ ಸರಪಣಿಯುಂಟು. ನಡುವಿನ ಎರಡೂ ಇಂಥವೇ.

ಇದನ್ನು ಇಂಗ್ಲಿಷಿನಲ್ಲಿ ಗ್ರೀಕರ ‘ಕೈ’ ಎಂಬ ಶಬ್ದದಿಂದ ‘ಕೈರಲ್’ ಎನ್ನುತ್ತಾರೆ. ಕನ್ನಡದಲ್ಲಿ ‘ಕೈಗುಣ’ ಎನ್ನೋಣವೆಂದೆ. ಅಡುಗೆಯವರ, ವೈದ್ಯರ ಕೈಗುಣದೊಡನೆ ಬೆರೆತು ಹೋಗುವುದೆಂದು ಶಿಷ್ಯನು ಒಪ್ಪಲಿಲ್ಲ, ಆಕ್ಷೇಪಣೆ ನ್ಯಾಯವಾದುದೇ. ಕೊನೆಗೆ ಹೊಳೆದುದು ಶಂಖದ ಮಾತು: ಬಲಮುರಿ, ಎಡಮುರಿ. ಕಾವೇರಿಯ ತೀರದಲ್ಲಿ ಆ ಹೆಸರಿನ ಊರುಗಳೇ ಇವೆ. ಬಲಮುರಿ ಗಣಪತಿಯನ್ನು ಅರಿಯದವರಿಲ್ಲ. ಹುಣಸೆಯ ಆಮ್ಲ ಬಲಮುರಿ, ಅದರ ಬಿಂಬ ಎಡಮುರಿ. ಪಾರಿಭಾಷಿಕ ಪದವೆಂದು ಪ್ರತ್ಯೇಕವಾಗಿ ಸೃಷ್ಟಿಸುವ ಅಗತ್ಯವೇ ಇಲ್ಲದೆ ಮನೆಯೊಳಗೇ ಇದ್ದ ಮಾತು. ಹೆಸರಿನಲ್ಲಿ ಮಾತ್ರ ತುಸು ತೊಡಕುಂಟು. ನಾವು ಬಲಮುರಿಯೆಂದು ಪೂಜಿಸುವ ಶಂಖವನ್ನು ಪ್ರಾಣಿಶಾಸ್ತ್ರಜ್ಞರು ತುದಿಯ ಕಡೆಯಿಂದ ನೋಡಿ ಎಡಸುರುಳಿ ಎನ್ನುತ್ತಾರೆ. ಹಾಗೆಯೇ ಬೆಳಕನ್ನು ಬಲಕ್ಕೆ ತಿರುಗಿಸುವ ಹುಣಸೆಯ ಆಮ್ಲಕ್ಕೆ, ಅಣುವಿನ ರಚನೆಯನ್ನು ಸೂಚಿಸಲು, ರಸಾಯನಜ್ಞರು ‘ಎಲ್’ ಅಂದರೆ ಎಡವೆಂಬ ಅಕ್ಷರವನ್ನು ತಗುಲಿಸಿದ್ದಾರೆ. ಯಾವ ಅಣು ನಿಜವಾಗಿ ಯಾವ ಕಡೆಗಿದೆಯೆಂಬುದು ೧೯೫೧ರವರೆಗೆ ಊಹೆಯೇ ಆಗಿತ್ತು. ಆ ವರ್ಷ ಹಾಲೆಂಡಿನ ಬೇವೂಟ್ ಎಂಬಾತನು ಇದೇ ಟಾರ್ಟಾರಿಕ್ ಆಮ್ಲದ ಲವಣವೊಂದನ್ನು ಎಕ್ಸ್-ಕಿರಣಗಳಿಂದ ಪರೀಕ್ಷಿಸಿ, ಊಹೆ ದೈವವಶಾತ್ ಸರಿಯಾಗಿತ್ತೆಂದು ಸ್ಥಾಪಿಸಿದನು.

ಎಡಕ್ಕೂ ಬಲಕ್ಕೂ ಭೇದವೆಣಿಸುವುದು ನಮ್ಮ ಶರೀರವೇ. ಪುದೀನದ ಪರಿಮಳಕ್ಕೂ ಸಬ್ಬಸಿಗೆಯ ಬೀಜದ ಪರಿಮಳಕ್ಕೂ ಮುಖ್ಯ ಕಾರಣ ಕಾರ್ವೋನ್ ಎಂಬ ಒಂದೇ ದ್ರವ್ಯ. ಪುದೀನದಲ್ಲಿ ಎಡಮುರಿ, ಸಬ್ಬಸಿಗೆಯಲ್ಲಿ ಬಲಮುರಿ. ಅಣುಗಳ ಲೆಕ್ಕದಲ್ಲಿ ಒಂದೇ ಆದುದನ್ನು ಮೂಗು ಎರಡೆಂದು ತೀರ್ಪು ಕೊಡುತ್ತದೆ. ಅರಕಲಗೂಡು ತಾಲ್ಲೂಕಿನಲ್ಲಿ ಬೆಳೆದು ರಾಮನಾಥಪುರದ ಮಾರುಕಟ್ಟೆಗೆ ಬರುವ ಹೊಗೆಸೊಪ್ಪಿನ ನಿಕೋಟಿನ್ ಬಹುಮಟ್ಟಿಗೆ ಎಡಮುರಿಯೇ. ಔಷಧಗಳಲ್ಲಿ ಈ ಭೇದ ಪ್ರಾಣಕ್ಕೆ ಸಂಬಂಧಿಸಿದುದು. ೧೯೫೭ರಿಂದ ಜರ್ಮನಿಯಲ್ಲಿ ಮಾರಾಟವಾದ ಥಾಲಿಡೊಮೈಡ್ ಎಂಬ ಗುಳಿಗೆಯನ್ನು ಗರ್ಭಿಣಿಯರು ಸೇವಿಸಿದ್ದರಿಂದ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಕೈಕಾಲುಗಳ ಊನದೊಡನೆ ಜನಿಸಿದವು. ೧೯೬೧ರಲ್ಲಿ ಅದನ್ನು ಹಿಂತೆಗೆದುಕೊಂಡರು. ಅದರ ಎರಡು ರೂಪಗಳಲ್ಲಿ ಒಂದೇ ಹಾನಿಕರವೆಂದು ಅನಂತರ ಕಂಡುಬಂದಿತು. ಆದರೆ ಒಳ್ಳೆಯ ರೂಪವೊಂದನ್ನೇ ಕೊಟ್ಟಿದ್ದರೆ ಅನರ್ಥ ತಪ್ಪುತ್ತಿತ್ತೆಂದು ಕೆಲವರು ಬರೆಯುವುದು ಸರಿಯಲ್ಲವೆಂದು ಶಿಷ್ಯನು ತಿದ್ದಿದನು: ಶರೀರದೊಳಗೆ ಒಂದು ಇನ್ನೊಂದಾಗಿ ಮಾರ್ಪಡುತ್ತದೆಯಂತೆ.

ಇನ್ನು ಮುಖ್ಯ ವಿಷಯ. ವೃಕ್ಷದ ತೊಗಟೆಯಲ್ಲಿಯೋ ಬೇರಿನಲ್ಲಿಯೋ ಲೇಶಮಾತ್ರ ದೊರೆಯುವ ಔಷಧದ್ರವ್ಯವನ್ನು ಪ್ರಯೋಗಶಾಲೆಯಲ್ಲಿ ಕಟ್ಟಬೇಕೆಂದುಕೊಳ್ಳಿ. ಅದರಲ್ಲಿ ಎಡಬಲದ ಇಂಗಾಲ ಒಂದಿದ್ದರೆ ರೂಪ ಎರಡು, ಎರಡಿದ್ದರೆ ನಾಲ್ಕು, ನಾಲ್ಕಿದ್ದರೆ ಹದಿನಾರು, ಹತ್ತಿದ್ದರೆ ೧೦೨೪. ಬೇಕಾದುದು ಅವುಗಳಲ್ಲಿ ಒಂದೇ ಒಂದು. ಸಾಮಾನ್ಯ ವಿಧಾನದಿಂದ ಕಟ್ಟಿದರೆ ಪ್ರತಿ ಹಂತದಲ್ಲಿಯೂ ಎಡಬಲಗಳು ಬೆರೆತು ಬರುತ್ತವೆ. ಅರ್ಧರ್ಧವನ್ನು ಚೆಲ್ಲುತ್ತ ಹೋದರೆ ಕಡೆಗೆ ಉಳಿಯುವುದು ಚಿಟಿಕೆ. ಆದುದರಿಂದ ಜಾಣರು ಪ್ರಕೃತಿಯೇ ಎಡಬಲವನ್ನು ನಿರ್ಣಯಿಸಿ ಕೊಟ್ಟಿರುವ ಅಗ್ಗದ ದ್ರವ್ಯವೊಂದನ್ನು ತಳಗಲ್ಲಾಗಿ ಇಟ್ಟುಕೊಂಡು ಅದರ ಮೇಲೆ ಕಟ್ಟಡವನ್ನು ಏರಿಸುತ್ತಾರೆ. ಸಕ್ಕರೆಗಳು, ಅಮೈನೋ ಆಮ್ಲಗಳು, ಟಾರ್ಟಾರಿಕ್ ಆಮ್ಲ ಇಂಥ ತಳಗಲ್ಲುಗಳು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಾವಯವ ರಸಾಯನ ವಿಭಾಗದಲ್ಲಿ ಕವಿರಾಯನಿ ಪ್ರಸಾದ್ ಅವರೂ ಅವರ ಶಿಷ್ಯರೂ ಟಾರ್ಟಾರಿಕ್ ಆಮ್ಲವನ್ನೇ ಹಿಡಿದು ಇಂಥ ಅನೇಕ ಕಟ್ಟಡಗಳನ್ನು ಕಟ್ಟಿದ್ದಾರೆ. ಕ್ರಮ ಸ್ಥೂಲವಾಗಿ ಹೀಗೆ: ಅಣುವಿನ ನಡುವಿನ ಎರಡು ಹೈಡ್ರಾಕ್ಸಿಲ್ ಗುಂಪುಗಳಿಗೆ ಅಸಿಟೋನಿನಿಂದ ಬರುವ ಒಂದು ಸೇತುವೆಯ ಮುಸುಕನ್ನು ಹಾಕುತ್ತಾರೆ; ಮುಂದಿನ ಕ್ರಿಯೆಗಳಿಂದ ಅವು ಕೆಡದಿರಲಿ ಎಂದು. ಎರಡು ತುದಿಗಳ ಆಮ್ಲಭಾಗಗಳನ್ನು ಅಮೈಡ್ ಎಂಬ ರೂಪಕ್ಕೆ ತಂದು, ಒಂದು ತುದಿಗೆ ಮಾತ್ರ ಹೊಸ ಇಂಗಾಲದ ಸರಪಣಿಯನ್ನು ಬೆಸೆಯುತ್ತಾರೆ. ಬೆಸುಗೆಯ ಸ್ಥಳದಲ್ಲಿರುವ ಕೀಟೋನನ್ನು ಅಪಕರ್ಷಿಸಿದಾಗ ಹೊಸದಾಗಿ ಒಂದು ಎಡಬಲದ ಇಂಗಾಲ ಹುಟ್ಟುತ್ತದೆ. ಅದು ಎಡವಾಗಬೇಕೋ ಬಲವಾಗಬೇಕೋ ಎಂಬುದನ್ನು ಪಕ್ಕದಲ್ಲಿ ಮೊದಲೇ ಇರುವ ಹುಣಸೆಯ ಇಂಗಾಲವೇ ನಿಯಮಿಸುತ್ತದೆ. ಒಂದು ಪಕ್ಕದ ದಾರಿಯನ್ನು ಅದು ಮುಚ್ಚಿರುವುದರಿಂದ ಹೈಡ್ರೊಜನ್ ಇನ್ನೊಂದು ಪಕ್ಕದಿಂದಲೇ ಬರಬೇಕಾಗುತ್ತದೆ. ಹೀಗೆ ಹಿರಿಯದರ ಅನುಶಾಸನದಲ್ಲಿ ಕಿರಿಯದು ನಿಲ್ಲುತ್ತದೆ. ಕೊನೆಯಲ್ಲಿ ಮುಸುಕನ್ನು ತೆಗೆಯುತ್ತಾರೆ. ಸೀತಾಫಲದ ಕುಟುಂಬಕ್ಕೆ ಸೇರಿದ ಗೋನಿಯೋಥಲಾಮಸ್ ಎಂಬ ಮರಗಳಲ್ಲಿರುವ, ಅರ್ಬುದದ ಜೀವಕೋಶಗಳನ್ನು ಕೊಲ್ಲುವ ಗುಣವುಳ್ಳ ಗೋನಿಯೋಫ್ಯೂಫ್ಯುರೋನ್ ಮೊದಲಾದ ದ್ರವ್ಯಗಳನ್ನು ಅವರು ೨೦೦೮ರಲ್ಲಿ ಈ ಮಾರ್ಗದಿಂದ ಸಿದ್ಧಪಡಿಸಿದರು. ಅವು ಇನ್ನೂ ಔಷಧಗಳಲ್ಲ. ಔಷಧವಾಗಬಹುದೇ ಎಂದು ಪರೀಕ್ಷಿಸಲು ಮೊದಲು ವಸ್ತು ಕೈಗೆ ದೊರೆಯಬೇಕಷ್ಟೆ.

ಟಾರ್ಟಾರಿಕ್ ಆಮ್ಲವು ತಾನು ಕಟ್ಟಡದೊಳಗೆ ಸೇರದೆ, ಮೇಸ್ತ್ರಿಯಂತೆ ಹೊರಗೆ ನಿಂತು ನಡೆಸುವುದೂ ಉಂಟು. ಅಮೆರಿಕದ ಬ್ಯಾರಿ ಷಾರ್ಪ್‌ಲೆಸ್ ಎಂಬಾತನು ಜಪಾನಿನ ಕತ್ಸುಕಿಯೊಡನೆ ೧೯೮೦ರಲ್ಲಿ, ಈ ಆಮ್ಲದ ಎಸ್ಟರನ್ನು ಟೈಟೇನಿಯಮ್ಮಿನೊಡನೆ ಬೆರೆಸಿ, ಅಲೈಲ್ ಆಲ್ಕೊಹಾಲುಗಳಿಗೆ ಆಮ್ಲಜನಕವನ್ನು ಒಂದೇ ಪಕ್ಕದಿಂದ ಸೇರಿಸುವ ವಿಧಾನವನ್ನು ಕಂಡುಹಿಡಿದನು. ಬಲಮುರಿಯ ಬದಲು ಎಡಮುರಿಯನ್ನು ಹಾಕಿದರೆ ಆಮ್ಲಜನಕ ಇನ್ನೊಂದು ಪಕ್ಕಕ್ಕೆ ಕೂರುತ್ತದೆ. ೨೦೦೧ರ ನೊಬೆಲ್ ಪಾರಿತೋಷಕದಲ್ಲಿ ಅರ್ಧ ಆತನಿಗೆ ಸಂದಿತು.

ಮಲೆನಾಡಿನ ಉಪ್ಪಾಗೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಅದರ ಹುಳಿಯೂ ಟಾರ್ಟಾರಿಕ್ ಆಮ್ಲವೇ ಎಂದು ಬಹುಕಾಲ ನಂಬಿದ್ದರು. ೧೯೬೫ರಲ್ಲಿ ಮೇಲೆ ಹೇಳಿದ ಲೂಯಿಸ್ ಮತ್ತು ನೀಲಕಂಠನ್ ಅವರೇ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿದರು. ಅದೇ ಅಣುಘಟಕಗಳ ಆಮ್ಲ ಕೆಂಪು ಪುಂಡಿಯ ಹೂವಿನಲ್ಲಿಯೂ ಉಂಟು; ಆದರೆ ಎರಡರಲ್ಲಿ ಒಂದು ಇಂಗಾಲದ ಎಡಬಲ ಬೇರೆ. ಅದನ್ನೂ ಈಗ ತಳಗಲ್ಲಾಗಿ ಬಳಸುತ್ತಿದ್ದಾರೆ.

ಎಡವೆಂದರೆ ಕೀಳೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಎಡಗೈಯಲ್ಲಿ ಬರೆಯುತ್ತಿದ್ದ ಹುಡುಗನೊಬ್ಬನ ಬೆರಳಿಗೆ ನಾನೇ ಕೋಲಿನಿಂದ ತಟ್ಟಿ ಬಲಗೈಗೆ ಬಳಪ ಕೊಡಿಸಿದ್ದುಂಟು. ಅವನ ಅಕ್ಷರ ಕಡೆಯವರೆಗೂ ನೆಟ್ಟಗಾಗಲಿಲ್ಲ. ಇಷ್ಟಲಿಂಗವನ್ನು ಇಟ್ಟು ಪೂಜಿಸುವುದು ಎಡದ ಅಂಗೈಯಲ್ಲಿಯೇ ಎಂಬುದು ಆಗ ನನ್ನ ನೆನಪಿಗೆ ಬರಲಿಲ್ಲ.

ಶಿಷ್ಯನು ಊರಿಗೆ ಹೋಗಿ ತಾಯಿಗೆ ಬಲಮುರಿ ಎಡಮುರಿಗಳ ಮಾತನ್ನೂ ಹುಣಸೆಯ ಮಾತನ್ನೂ ಹೇಳಿದನಂತೆ. ಆಕೆ ಎಲ್ಲವನ್ನೂ ಕೇಳಿ, “ಅಷ್ಟು ಬಾಳೋ ಹುಳಿ ಅಂದ್ರೆ, ಮರ ಗುತ್ತಿಗೆ ಹಿಡಿಯೋನು ಯಾಕಪ್ಪ ಅಷ್ಟಕ್ಕೇ ಕೇಳ್ತಾನೆ?” ಎಂದರಂತೆ. ಪ್ರಶ್ನೆ ಸಾರ್ಥಕವಾದುದು, ಉತ್ತರ ಹೀಗೆ. ಜಗತ್ತಿಗೆ ಬೇಕಾದ ಈ ಆಮ್ಲದ ದೊಡ್ಡ ಪಾಲು ದ್ರಾಕ್ಷಾರಸದ ಕಿಟ್ಟದಿಂದ ಬರುತ್ತದೆ. ಇನ್ನೊಂದು ಪಾಲನ್ನು ಮಲೆಯಿಕ್ ಅನ್‌ಹೈಡ್ರೈಡ್ ಎಂಬ ಕಾರ್ಖಾನೆಯ ದ್ರವ್ಯದಿಂದ ಮಾಡುತ್ತಾರೆ. ಅಲ್ಲಿ ಕೇವಲ ರಾಸಾಯನಿಕ ವಿಧಾನದಿಂದ ಹೋದರೆ ಪಾಶ್ಚರನ ಕಾಲದಂತೆಯೇ ಎಡಬಲಗಳ ಮಿಶ್ರಣ ದೊರೆಯುತ್ತದೆ. ಸೂಕ್ಷ್ಮಜೀವಿಗಳ ಕಿಣ್ವವನ್ನು ನಡುವೆ ತಂದರೆ ಬಲಮುರಿಯೊಂದೇ ದೊರೆಯುತ್ತದೆ. ನಮ್ಮ ಹುಣಸೆಯ ತಿರುಳಿನಲ್ಲಿ ಅಂಟು, ಸಕ್ಕರೆ, ಬಣ್ಣಗಳು ಸೇರಿರುವುದರಿಂದ ಆಮ್ಲವನ್ನು ಶುದ್ಧಗೊಳಿಸುವ ವೆಚ್ಚ ಹೆಚ್ಚು. ಸಾರಿಗೆ ಹಾಕುವವರು ಕೊಡುವ ಬೆಲೆಯೇ ಅದಕ್ಕೆ ಬೆಲೆ.

ಕಡೆಯದಾಗಿ ನಮ್ಮ ಶಾಲೆಗೆ ಸಂಬಂಧಿಸಿದ ಒಂದು ಮಾತು. ಬೆಳಕಿನ ತಿರುವನ್ನು ಅಳೆಯುವ ಪೋಲಾರಿಮೀಟರ್ ಎಂಬ ಯಂತ್ರದಿಂದಲೇ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿನ ಸಕ್ಕರೆಯನ್ನು ನಿರ್ಣಯಿಸುತ್ತಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದ ಕಾರ್ಖಾನೆಗೆ ಕಬ್ಬು ಹಾಕಿದ ರೈತರ ಮಕ್ಕಳು ನಮ್ಮಲ್ಲಿ ಓದಿದ್ದಾರೆ. ಆ ಯಂತ್ರವನ್ನು ಕಂಡವರು ವಿರಳ. ಸರಳವಾದುದೊಂದನ್ನು ನಮ್ಮ ಪ್ರಯೋಗಶಾಲೆಯಲ್ಲಿಯೇ ರಚಿಸಬಹುದೆಂದು ಶಿಷ್ಯನು ತೋರಿಸಿಕೊಟ್ಟನು: ಎರಡು ಪೋಲರಾಯ್ಡ್ ಹಾಳೆ, ಒಂದು ಹಳದಿ ದೀಪ, ತಳ ಚಪ್ಪಟೆಯಾದ ಇಪ್ಪತ್ತು ಸೆಂಟಿಮೀಟರಿನ ಗಾಜಿನ ಕೊಳವೆ, ಕೋನ ಗುರುತಿಸಿದ ರಟ್ಟು. ಅಳತೆಯ ಕರಾರು ಬೇಕಾದರೆ ಯಂತ್ರವನ್ನೇ ಕೊಳ್ಳಬೇಕು. ದಾನಿಗಳು ಮನಸ್ಸು ಮಾಡಬಹುದು. ೨೬ ಗ್ರಾಂ ಸಕ್ಕರೆಯನ್ನು ಕರಗಿಸಿ ೧೦೦ ಮಿಲಿಲೀಟರಿಗೆ ತಂದು ಆ ಕೊಳವೆಗೆ ತುಂಬಿದರೆ ಬೆಳಕು ೩೪ ಡಿಗ್ರಿಗಿಂತ ಸ್ವಲ್ಪ ಹೆಚ್ಚಾಗಿ ಬಲಕ್ಕೆ ತಿರುಗುತ್ತದೆ. ಅದೇ ದ್ರಾವಣಕ್ಕೆ ತುಸು ಆಮ್ಲ ಹಾಕಿ ಬೆಚ್ಚಗೆ ಕಾಯಿಸಿದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡಾಗುತ್ತದೆ. ಫ್ರಕ್ಟೋಸಿನ ಎಡಮುರಿ ಗುಣ ಗ್ಲೂಕೋಸಿನ ಬಲಮುರಿ ಗುಣಕ್ಕಿಂತ ಬಲವಾದುದರಿಂದ, ತಣಿಸಿ ನೋಡಿದಾಗ ರಟ್ಟಿನ ಮೇಲಿನ ಮುಳ್ಳು ಸೊನ್ನೆಯನ್ನು ದಾಟಿ ಎಡಕ್ಕೆ ನಿಂತಿರುತ್ತದೆ.