ಸತ್ತ ನಾಯಿಯನ್ನು ಹೂಳುವ ಮುನ್ನ: ರೇಬಿಸ್ ಪತ್ತೆಯಾಗೋದು ಹೇಗೆ?

ಬೀದಿನಾಯಿಯೊಂದು ಮಗುವನ್ನು ಕಚ್ಚುತ್ತೆ. ನಾಲ್ಕನೇ ದಿನ ಆ ನಾಯಿ ಸತ್ತುಹೋಗುತ್ತೆ. ಊರಿನವರು ಗುಂಡಿ ತೋಡಿ ಹೂತುಬಿಡುತ್ತಾರೆ. ಆಮೇಲೆ ಶುರುವಾಗುತ್ತೆ ಪ್ರಶ್ನೆ: ಅದಕ್ಕೆ ಹುಚ್ಚು ಹಿಡಿದಿತ್ತಾ? ಅಷ್ಟು ಹೊತ್ತಿಗೆ ಉತ್ತರ ಮಣ್ಣು ಸೇರಿರುತ್ತೆ.

‘ಬದುಕಿದ್ದಾಗಲೇ ರಕ್ತ ಪರೀಕ್ಷೆ ಮಾಡಿಸಬಹುದಿತ್ತಲ್ವಾ?’ ಅಂತ ಹಲವರು ಕೇಳ್ತಾರೆ. ಪಾರ್ವೊ ಆಗಿದ್ದರೆ ನಾಯಿಯ ಮಲದ ಮಾದರಿ ಸಾಕು, ಕ್ಲಿನಿಕ್‌ನಲ್ಲೇ ಕಿಟ್ ಬಳಸಿ ನೋಡ್ತಾರೆ. ರೇಬಿಸ್ ಹಾಗಲ್ಲ. ಈ ವೈರಸ್ ರಕ್ತದ ದಾರಿ ಹಿಡಿಯೋದಿಲ್ಲ. ನರಗಳ ಮೂಲಕ ಮೆದುಳಿಗೆ ಹೋಗಿ, ಅಲ್ಲಿ ಬೆಳೆದು, ಆಮೇಲೆ ಜೊಲ್ಲಿಗೆ ಬರುತ್ತೆ. ಜೊಲ್ಲಿನಲ್ಲೂ ಒಮ್ಮೆ ಸಿಗುತ್ತೆ, ಒಮ್ಮೆ ಸಿಗಲ್ಲ. ಹಾಗಾಗಿ ಜೊಲ್ಲಿನ ಪರೀಕ್ಷೆ ನೆಗೆಟಿವ್ ಬಂದರೂ ನಿಶ್ಚಿಂತೆಯಿಂದ ಇರೋ ಹಾಗಿಲ್ಲ.

ಖಚಿತ ಉತ್ತರ ಇರೋದು ಸತ್ತ ನಾಯಿಯ ಮೆದುಳಿನಲ್ಲಿ. 1903ರಲ್ಲಿ ಇಟಲಿಯ ವೈದ್ಯ ನೆಗ್ರಿ ಮೆದುಳಿನ ಜೀವಕೋಶಗಳೊಳಗೆ ಕೆಲವು ಕಣಗಳನ್ನು ಗುರುತಿಸಿದರು. ದಶಕಗಳ ಕಾಲ ಪರೀಕ್ಷೆಗೆ ಅವೇ ಆಧಾರ. ಆದರೆ ರೋಗ ಇದ್ದಾಗಲೂ ಅವು ಎಷ್ಟೋ ಸಲ ಕಾಣಿಸೋದಿಲ್ಲ. 1950ರ ದಶಕದ ಕೊನೆಗೆ ಬಂದ ಫ್ಲೋರೊಸೆಂಟ್ ಆಂಟಿಬಾಡಿ ಪರೀಕ್ಷೆ ಈ ಕೊರತೆ ನೀಗಿಸಿತು. ಮೆದುಳಿನ ಕಾಂಡ ಮತ್ತು ಕಿರುಮೆದುಳಿನ ಚೂರನ್ನು ಗಾಜಿನ ಮೇಲೆ ಒತ್ತಿ, ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯ ಹಾಕ್ತಾರೆ. ವೈರಸ್ ಇದ್ದರೆ ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಮಿನುಗುತ್ತೆ. ಕೆಲವೇ ಗಂಟೆಗಳ ಕೆಲಸ. ಆದರೆ ಮೆದುಳು ಕೊಳೆತಿದ್ದರೆ ಫಲಿತಾಂಶ ನಂಬೋದು ಕಷ್ಟ.

ಈ ಸೌಲಭ್ಯ ನಮ್ಮಲ್ಲೇ ಇದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬಿಸ್ ಪ್ರಯೋಗಾಲಯವು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಮಾನ್ಯ ಮಾಡಿರುವ ರೆಫರೆನ್ಸ್ ಲ್ಯಾಬ್. ಹಾಗಾಗಿ ಕಚ್ಚಿದ ನಾಯಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಹೂಳಲೂಬೇಡಿ; ಮೊದಲು ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಮಾದರಿ ತೆಗೆದು ಮಂಜುಗಡ್ಡೆಯಲ್ಲಿಟ್ಟು ಕಳಿಸೋದು ಅವರ ಕೆಲಸ.

ಒಂದು ಎಚ್ಚರಿಕೆ: ವರದಿ ಬರಲಿ ಅಂತ ಮಗುವಿನ ಚಿಕಿತ್ಸೆ ತಡಮಾಡಬಾರದು. ಗಾಯವನ್ನು ತಕ್ಷಣ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು, ಅವತ್ತೇ ಲಸಿಕೆ ಶುರು ಮಾಡಬೇಕು, ರಕ್ತ ಬಂದಿದ್ದರೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಕೊಡಿಸಬೇಕು. ರೋಗಲಕ್ಷಣ ಕಾಣಿಸಿದ ಮೇಲೆ ಬದುಕುಳಿಯೋದು ತೀರಾ ಅಪರೂಪ.

ಹಾಗಿದ್ರೆ ವರದಿ ಯಾಕೆ ಬೇಕು? ಅದೇ ನಾಯಿ ಇನ್ನೂ ಯಾರನ್ನೋ ಕಚ್ಚಿರಬಹುದು, ಬೀದಿಯ ಇತರ ನಾಯಿಗಳನ್ನೂ ಕಚ್ಚಿರಬಹುದು. ಪಾಸಿಟಿವ್ ಅಂತ ಗೊತ್ತಾದರೆ ಅವರನ್ನೆಲ್ಲ ಹುಡುಕಿ ಲಸಿಕೆ ಹಾಕಿಸಬಹುದು.