ಘಟ್ಟದ ರಾತ್ರಿ, ಸೈಕಲಿನ ದೀಪ

ಬೆಳ್ತಂಗಡಿಯನ್ನು ದಾಟಿ, ಉಜಿರೆ, ಮುಂಡಾಜೆಗಳನ್ನು ಹಿಂದಿಕ್ಕಿ ಪೂರ್ವಕ್ಕೆ ಸಾಗುವ ಹೆದ್ದಾರಿ ಚಾರ್ಮಾಡಿಯನ್ನು ಬಿಡುತ್ತಲೇ ಏರತೊಡಗುತ್ತದೆ. ಅಲ್ಲಿಂದ ಕೊಟ್ಟಿಗೆಹಾರದವರೆಗೆ ತಿರುವಿನ ಮೇಲೆ ತಿರುವು. ಹಗಲಿನಲ್ಲಿ ಬಸ್ಸಿನ ಕಿಟಕಿಯಿಂದ ಕಣ್ತುಂಬ ನೋಡಿದ ಕಣಿವೆ ರಾತ್ರಿ ಕಾಣಿಸದು. ಕಾಣುವುದು ಮಂಜು, ಮತ್ತು ಎದುರಿನ ವಾಹನದ ಕಣ್ಣು ಕುಕ್ಕುವ ಬೆಳಕು. ಇಂಥ ದಾರಿಯಲ್ಲಿ, ಅದೂ ನಡುರಾತ್ರಿಯಲ್ಲಿ, ಸೈಕಲ್ ತುಳಿಯುತ್ತೇನೆಂದು ಹೊರಟು ನಿಂತ ಮಗನಿಗೋ ಮಗಳಿಗೋ ತಂದೆ ತಾಯಿ ಏನು ಹೇಳಬೇಕು? "ಬೇಡ" ಎನ್ನುವುದು ಸುಲಭ. ಹೆಚ್ಚಿನ ಮನೆಗಳಲ್ಲಿ ಮೊದಲು ಹೊರಡುವ ಉತ್ತರವೂ ಅದೇ. ಆ ಉತ್ತರವನ್ನು ಕೊಡುವ ಮುನ್ನ ಈ ಸವಾರಿ ಏನೆಂಬುದನ್ನು ತುಸು ತಿಳಿದುಕೊಳ್ಳುವುದು ಒಳಿತು.

ದೂರದ ಸೈಕಲ್ ಸವಾರಿಯೆಂದೊಡನೆ ಅದನ್ನು ಪಂದ್ಯವೆಂದು ಭಾವಿಸುವವರೇ ಅಧಿಕ. ಆದರೆ 'ಬ್ರೆವೆ' ಎಂದು ಕರೆಯಲಾಗುವ ಈ ಸವಾರಿಯಲ್ಲಿ ಮೊದಲಿಗನೂ ಇಲ್ಲ, ಕೊನೆಯವನೂ ಇಲ್ಲ. ಬ್ರೆವೆ ಎಂದರೆ ಫ್ರೆಂಚ್ ಭಾಷೆಯಲ್ಲಿ ಪ್ರಮಾಣಪತ್ರ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಎಂದು ಅವಧಿ ಗೊತ್ತುಪಡಿಸಲಾಗಿದೆ. ದಾರಿಯಲ್ಲಿನ ತಪಾಸಣಾ ಸ್ಥಳಗಳನ್ನು ಸಕಾಲದಲ್ಲಿ ಮುಟ್ಟಿ, ಅವಧಿಯೊಳಗೆ ಗುರಿ ತಲುಪಿದವರೆಲ್ಲರೂ ಸಮಾನರು. ಸೈಕಲ್ ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು. ತಪಾಸಣಾ ಸ್ಥಳಗಳ ನಡುವೆ ಮನೆಯವರ ಕಾರು ಹಿಂಬಾಲಿಸಿ ನೆರವಾಗುವಂತಿಲ್ಲ. ರಾತ್ರಿಯಾದೊಡನೆ ಮುಂದೆ ಹಿಂದೆ ದೀಪ, ಮೈಮೇಲೆ ಬೆಳಕನ್ನು ಪ್ರತಿಫಲಿಸುವ ಅಂಗಿ ಕಡ್ಡಾಯ. ನಮ್ಮ ದೇಶದಲ್ಲಿ ಇವುಗಳ ಹೊಣೆ ಹೊತ್ತಿರುವುದು ಆಡಾಕ್ಸ್ ಇಂಡಿಯಾ ರಾಂದನರ್ಸ್ ಸಂಸ್ಥೆ.

'ಆಡಾಕ್ಸ್' ಎಂಬುದು ಲತೀನ್ ಪದ, ಎದೆಗಾರ ಎಂದರ್ಥ. 1897ರಲ್ಲಿ ಇಟಲಿಯ ಕೆಲವು ಸವಾರರು ಒಂದೇ ಹಗಲಿನಲ್ಲಿ ರೋಮಿನಿಂದ ನೇಪಲ್ಸಿಗೆ ಸೈಕಲಿನಲ್ಲಿ ಸಾಗಿದಾಗ ಈ ಹೆಸರು ಹುಟ್ಟಿಕೊಂಡಿತು. ಅದಕ್ಕೂ ಮುನ್ನ, 1891ರಲ್ಲಿ, ಪ್ಯಾರಿಸ್‌ನಿಂದ ಬ್ರೆಸ್ತ್ ನಗರಕ್ಕೆ ಹೋಗಿ ಮರಳುವ ಸುಮಾರು 1,200 ಕಿ.ಮೀ. ದಾರಿಯನ್ನು ಶಾರ್ಲ್ ತೆರ‍್ರೋಂ ಎಂಬಾತ ನಿದ್ರೆಯಿಲ್ಲದೆ ಮೂರು ದಿನಗಳೊಳಗೆ ಪೂರೈಸಿದ್ದ. ಅಂದು ಪಂದ್ಯವಾಗಿದ್ದ ಅದು ಇಂದು ನಾಲ್ಕು ವರ್ಷಗಳಿಗೊಮ್ಮೆ ನಡೆಯುವ, 90 ಗಂಟೆಗಳ ಅವಧಿಯ ಬ್ರೆವೆ. 2019 ಮತ್ತು 2023ರಲ್ಲಿ ಭಾರತದಿಂದಲೂ ನೂರಾರು ಮಂದಿ ಅಲ್ಲಿಗೆ ತೆರಳಿದ್ದರು.

ಇನ್ನು ನಮ್ಮ ಊರುಗಳ ಮಾತು. ಭೂಪಟವನ್ನು ಬಿಡಿಸಿ ನೋಡಿದರೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಮೂರೂ ಮೂರು ಘಟ್ಟಗಳ ಬಾಗಿಲುಗಳಂತಿವೆ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಹೆದ್ದಾರಿ ಕವಲೊಡೆದು, ಒಂದು ಕವಲು ಉಪ್ಪಿನಂಗಡಿ, ಗುಂಡ್ಯಗಳ ಮೂಲಕ ಶಿರಾಡಿಯನ್ನೇರುತ್ತದೆ. ಇನ್ನೊಂದು ಬೆಳ್ತಂಗಡಿಯ ಮೂಲಕ ಚಾರ್ಮಾಡಿಗೆ. ಮೂಡಬಿದಿರೆಯ ಹೆದ್ದಾರಿ ಕಾರ್ಕಳವನ್ನು ಹಾದು ಶೃಂಗೇರಿಯತ್ತ ಏರುತ್ತದೆ. ಬಯಲುಸೀಮೆಯ ಸವಾರ ಬೆಟ್ಟವನ್ನು ಹುಡುಕಿಕೊಂಡು ಹೋಗಬೇಕು. ನಮ್ಮ ಮಕ್ಕಳಿಗೆ ಅದು ಮನೆಯ ಅಂಗಳದಿಂದಲೇ ಆರಂಭ.

ಘಟ್ಟದಲ್ಲಿ ರಾತ್ರಿ ಕಳೆಯುವುದು ಈ ನಾಡಿಗೆ ಹೊಸತೂ ಅಲ್ಲ. ಶಿವರಾತ್ರಿಯ ಮುನ್ನಾದಿನಗಳಲ್ಲಿ ಧರ್ಮಸ್ಥಳಕ್ಕೆ ನಡೆದು ಬರುವ ಸಹಸ್ರಾರು ಭಕ್ತರು ಚಾರ್ಮಾಡಿಯನ್ನು ಕಾಲ್ನಡಿಗೆಯಲ್ಲೇ ಇಳಿಯುತ್ತಾರೆ. ನಮ್ಮ ಪೂರ್ವಜರನ್ನೂ 1784ರಲ್ಲಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲಾಯಿತು. ಅದು ಯಾರೂ ಬಯಸಿ ಕೈಗೊಂಡ ಪಯಣವಲ್ಲ. ಆದುದರಿಂದಲೋ ಏನೋ, 'ಘಟ್ಟ' ಎಂಬ ಮಾತಿನಲ್ಲಿಯೇ ನಮ್ಮ ಹಿರಿಯರಿಗೆ ಒಂದು ಅಳುಕು ಇತ್ತು.

ಆ ಅಳುಕಿಗೆ ಇಂದಿಗೂ ಕಾರಣಗಳುಂಟು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡಗಳು ಕುಸಿದು ರಸ್ತೆಯೇ ಮುಚ್ಚಿಹೋದದ್ದನ್ನು ಬೆಳ್ತಂಗಡಿಯವರು ಮರೆತಿರಲಾರರು. ಶಿರಾಡಿಯಲ್ಲಿ ಇರುಳಿಡೀ ಲಾರಿ, ಟ್ಯಾಂಕರುಗಳ ಸಾಲು. ಕಾಡಾನೆಯ ಸುದ್ದಿಯೂ ಅಪರೂಪವಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ ಅಂಜಬೇಕಾದದ್ದು ನಿದ್ರೆಗೆ. ಮುಂಜಾವದ ಎರಡರಿಂದ ಐದು ಗಂಟೆಯ ನಡುವೆ ಶರೀರ ತಾನಾಗಿಯೇ ಕುಗ್ಗುತ್ತದೆ. ಕಣ್ಣು ತೆರೆದಿದ್ದರೂ ಮನಸ್ಸು ಕ್ಷಣಕಾಲ ಜಾರುತ್ತದೆ. ಏರುವಾಗ ಬೆವರಿನಿಂದ ತೊಯ್ದ ಅಂಗಿ ಇಳಿಯುವಾಗ ಗಾಳಿಗೆ ಮಂಜಿನಂತೆ ತಣ್ಣಗಾಗಿ, ಬ್ರೇಕು ಹಿಡಿಯುವ ಬೆರಳುಗಳೇ ಮರಗಟ್ಟುತ್ತವೆ. ಘಟ್ಟ ಹತ್ತುವುದು ಕಷ್ಟ, ನಿಜ. ಆದರೆ ಅಪಾಯವಿರುವುದು ಇಳಿಯುವುದರಲ್ಲಿ.

ಇಟಲಿಯ ಕೋಮೊ ಸರೋವರದ ಮೇಲಣ ಬೆಟ್ಟದಲ್ಲಿ, ಮಗ್ರೆಲ್ಯೋ ಎಂಬ ಹಳ್ಳಿಯ ಬಳಿ, ಗಿಸಾಲ್ಲೋ ಮಾತೆಯ ಪುಟ್ಟ ದೇವಾಲಯವಿದೆ. ಕಡಿದಾದ ಏರನ್ನು ಹತ್ತಿ ಬರುವ ಸೈಕಲ್ ಸವಾರರು ಅಲ್ಲಿ ನಿಂತು ಪ್ರಾರ್ಥಿಸುತ್ತಿದ್ದುದನ್ನು ಕಂಡ ಅಲ್ಲಿನ ಧರ್ಮಗುರು ಎರ್ಮೆಲಿಂದೊ ವಿಗಾನೊ, ಆ ಮಾತೆಯನ್ನೇ ಸವಾರರ ಪಾಲಕಿಯೆಂದು ಸಾರಬೇಕೆಂದು ವಿನಂತಿಸಿದರು. 1948ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ಆಶೀರ್ವದಿಸಿದ ದೀಪವನ್ನು ರೋಮಿನಿಂದ ಅಲ್ಲಿಗೆ ಸೈಕಲಿನಲ್ಲಿಯೇ ಒಯ್ಯಲಾಯಿತು. ಒಯ್ದವರಲ್ಲಿ ಬಾರ್ತಾಲಿ, ಕೊಪ್ಪಿ ಎಂಬ ಇಬ್ಬರು ಮಹಾನ್ ಸವಾರರೂ ಇದ್ದರು. ಮರುವರ್ಷ, 1949ರ ಅಕ್ಟೋಬರ್ 13ರಂದು, ಆಕೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಲಾಯಿತು.

ಆ ದೇವಾಲಯದ ಗೋಡೆಗಳ ತುಂಬ ಸೈಕಲ್ಲುಗಳು, ಗೆದ್ದವರ ಅಂಗಿಗಳು. ಅವುಗಳ ನಡುವೆ ಮುರಿದು ಬಾಗಿದ ಒಂದು ಸೈಕಲ್ಲೂ ಇದೆ. ಅದು ಫಾಬಿಯೊ ಕಸಾರ್ತೆಲ್ಲಿಯದು. ಕೋಮೊದಲ್ಲೇ ಹುಟ್ಟಿದ ಆ ತರುಣ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. 1995ರ ಜುಲೈ 18ರಂದು ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಪಿರಿನೀಸ್ ಪರ್ವತದ ಇಳಿಜಾರಿನಲ್ಲಿ ಬಿದ್ದು ತೀರಿಕೊಂಡಾಗ ಅವನಿಗೆ 24 ವರ್ಷ. ತಲೆಗೆ ಹೆಲ್ಮೆಟ್ ಇರಲಿಲ್ಲ. ವೃತ್ತಿಪರ ಪಂದ್ಯಗಳಲ್ಲಿ ಹೆಲ್ಮೆಟ್ ಕಡ್ಡಾಯವಾಗಲು 2003ರವರೆಗೆ, ಇನ್ನೊಬ್ಬ ಸವಾರನ ಮರಣದವರೆಗೆ, ಕಾಯಬೇಕಾಯಿತು. ಮಾತೆಯ ಪಾದದ ಬಳಿ ಗೆದ್ದವರ ಅಂಗಿಗಳ ಜೊತೆಯಲ್ಲೇ ಆ ಮುರಿದ ಸೈಕಲನ್ನೂ ಇಟ್ಟಿರುವುದು ಸರಿಯೆಂದೇ ನನ್ನ ಭಾವನೆ. ಹೊರಡುವ ಮುನ್ನ ಹಣೆಯ ಮೇಲೆ ಶಿಲುಬೆಯ ಗುರುತು ಮಾಡುವ ತಾಯಿ, ಆ ಹಣೆಯ ಮೇಲೆ ಹೆಲ್ಮೆಟ್ ಇದೆಯೇ ಎಂದು ನೋಡುವುದೂ ಪ್ರಾರ್ಥನೆಯ ಭಾಗವೇ.

ನಮ್ಮ ಕುಟುಂಬಗಳಲ್ಲಿ ಏಳುವ ಇನ್ನೊಂದು ಪ್ರಶ್ನೆ ಭಾನುವಾರದ ಪೂಜೆಯದು. 600 ಕಿ.ಮೀ. ಸವಾರಿ ಶನಿವಾರ ಬೆಳಿಗ್ಗೆ ಹೊರಟರೆ ಭಾನುವಾರ ರಾತ್ರಿಯ ತನಕವೂ ಸಾಗೀತು. ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ನೆರವೇರುತ್ತದೆಂದು ಧರ್ಮಸಭೆಯ ಕಾನೂನಿನ 1248ನೇ ವಿಧಿ ಹೇಳುತ್ತದೆ. ಆದರೆ ಅಷ್ಟು ಹೊತ್ತಿಗೆ ಸವಾರ ಎಲ್ಲಿರುತ್ತಾನೋ! ಲೆಕ್ಕ ಹಾಕಿ ನೋಡೋಣ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಾಗಿದರೆ 600 ಕಿ.ಮೀ.ಗೆ 30 ಗಂಟೆ ಸಾಕು. ಊಟ, ನಿದ್ರೆ, ಪಂಕ್ಚರುಗಳಿಗೆ 10 ಗಂಟೆ ಉಳಿಯುತ್ತದೆ. ಚಿಕ್ಕಮಗಳೂರು 1963ರಿಂದ ಧರ್ಮಪ್ರಾಂತ್ಯವಾಗಿರುವ ಊರು; ಮಲೆನಾಡಿನ ದಾರಿಯಲ್ಲಿ ಚರ್ಚುಗಳಿಗೆ ಬರವಿಲ್ಲ. ಪೂಜೆಯ ವೇಳೆಯನ್ನು ಮೊದಲೇ ವಿಚಾರಿಸಿಟ್ಟುಕೊಂಡವನಿಗೆ ಒಂದು ಗಂಟೆ ಖಂಡಿತ ದೊರಕುತ್ತದೆ. ಬೆವರಿದ ಅಂಗಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತವನನ್ನು ಯಾರೂ ಹೊರಗೆ ಕಳುಹಿಸಲಾರರು. 2025ರ ಜೂನ್ 1ರಂದು ಇಟಲಿಯ ಜೀರೋ ಪಂದ್ಯದ ಸವಾರರು ವ್ಯಾಟಿಕನ್ ಒಳಗೇ ಹಾದುಹೋದಾಗ ಜಗದ್ಗುರು ಹದಿನಾಲ್ಕನೇ ಲಿಯೋ ಸ್ವತಃ ಅವರನ್ನು ಎದುರುಗೊಂಡು ಹರಸಿದ್ದರು.

ಹಾಗಾದರೆ ಮನೆಯಲ್ಲಿ ಏನು ಹೇಳೋಣ? "ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ" ಎಂಬುದೇ ಹಲವರಿಗೆ ತಕ್ಕ ಉತ್ತರ. ಮೊದಲು ಹಗಲಿನ ಅಭ್ಯಾಸವಾಗಲಿ. ಅಲಂಗಾರಿನ ಹೋಲಿ ರೋಸರಿ ಚರ್ಚಿನಿಂದ ಹೊರಟು ವೇಣೂರು, ಗುರುವಾಯನಕೆರೆಗಳ ಮೂಲಕ ಬೆಳ್ತಂಗಡಿಯ ಹೋಲಿ ರಿಡೀಮರ್ ಚರ್ಚನ್ನು ಮುಟ್ಟಿ, ಅಲ್ಲಿಂದ ಮಡಂತ್ಯಾರಿನ ದಾರಿಯಾಗಿ ಮೊಡಂಕಾಪಿನ ಬಾಲ ಯೇಸುವಿನ ಚರ್ಚಿಗೆ ಬಂದು, ಸಿದ್ದಕಟ್ಟೆಯ ಮೂಲಕ ಮರಳಿದರೆ ಹತ್ತಿರ ಹತ್ತಿರ ನೂರು ಕಿ.ಮೀ. ಏರಿಳಿತಗಳು ಬೇಕಾದಷ್ಟಿವೆ. ಈ ಸುತ್ತನ್ನು ತಿಂಗಳಿಗೆರಡು ಬಾರಿ ಆಯಾಸವಿಲ್ಲದೆ ಪೂರೈಸಿದವರು 200ಕ್ಕೆ ಹೆಸರು ಕೊಡಬಹುದು. ರಾತ್ರಿಯ ಮಾತು ಅದರ ಬಳಿಕ.

ರಾತ್ರಿಗೆ ಹೊರಡುವವರು ಮೊಂತಿ ಹಬ್ಬ ಕಳೆದು ಮಳೆ ಪೂರ್ತಿ ಹಿಂದೆಗೆಯುವ ತನಕ ಕಾಯಲಿ. ಹಿಂದಿನ ಎರಡು ರಾತ್ರಿ ಚೆನ್ನಾಗಿ ನಿದ್ರಿಸಲಿ. ಒಂದು ದೀಪ ಕೆಟ್ಟರೆ ಇನ್ನೊಂದು ಇರಲಿ. ಚೀಲದಲ್ಲಿ ಒಣ ಅಂಗಿ, ಬಾಳೆಹಣ್ಣು, ಉಪ್ಪು ಬೆರೆಸಿದ ನೀರು ಇರಲಿ. ಪ್ರತಿ ತಪಾಸಣಾ ಸ್ಥಳದಿಂದ ಮನೆಗೊಂದು ಫೋನ್ ಬರಲೇಬೇಕು. ಆ ರಾತ್ರಿ ತಾಯಿಗೂ ನಿದ್ರೆಯಿಲ್ಲ ಎಂಬುದನ್ನು ಮಕ್ಕಳು ನೆನಪಿಡಲಿ. ನಿದ್ರೆ ಒತ್ತಿ ಬಂದರೆ ಬಸ್ ತಂಗುದಾಣದಲ್ಲಿ ಅರ್ಧ ಗಂಟೆ ಒರಗಿಕೊಳ್ಳಲು ನಾಚಬೇಕಿಲ್ಲ; ಪ್ರಮಾಣಪತ್ರ ಕೈತಪ್ಪಿದರೆ ಇನ್ನೊಂದು ತಿಂಗಳು ಇದ್ದೇ ಇದೆ. ಮಲೆನಾಡಿನಿಂದ ಮರಳುವ ದಾರಿ ಚಾರ್ಮಾಡಿಯದಾದರೆ, ಬೆಳಕು ಹರಿಯುವ ಮುನ್ನ ಇಳಿಯುವ ಆತುರ ಬೇಡ. ಕೊಟ್ಟಿಗೆಹಾರದ ನೀರುದೋಸೆ ಹೆಸರಾದದ್ದು. ಎರಡು ತಿಂದು, ಚಹಾ ಕುಡಿದು, ಮಂಜು ಸರಿಯುವುದನ್ನು ಕಾಯುತ್ತ ಕುಳಿತರೆ ಕಳೆದುಹೋಗುವುದು ಒಂದು ಗಂಟೆ ಮಾತ್ರ.